ಪರದೆಯ ಮುಂದೆ ಒನ್ಸ್ ಮೋರ್

ಚಾಮರಾಜಪೇಟೆಯಲ್ಲಿ ಬರೀ ಏಕಾಂತಯ್ಯ ಎಂದರೆ ಯಾವ ಏಕಾಂತಯ್ಯ ಎಂದು ಕೇಳುತ್ತಿದ್ದರು. ಒನ್ಸ್ ಮೋರ್ ಏಕಾಂತಯ್ಯ ಎಂದರೆ ಜಟಕಾದವನೂ ಮನೆ ತೋರಿಸುತ್ತಿದ್ದ. ಚಿಕ್ಕಪೇಟೆಯಲ್ಲಿ ಅಪ್ಪನ ಕಾಲದಿಂದ ಬಂದ ಸೀರೆ ಅಂಗಡಿಯಿತ್ತು, ಹಣೆ ತುಂಬ ವಿಭೂತಿಯಿತ್ತು, ಮನೆ ತುಂಬ ಮಕ್ಕಳಿದ್ದರು. ಆದರೆ ಆತನಿಗೆ ಹೆಸರು ತಂದದ್ದು ಗಂಟಲು. ನಾಟಕದ ಕಂಪನಿ ಊರಿಗೆ ಬಂದಿತೆಂದರೆ ಎರಡನೆಯ ಸಾಲಿನಲ್ಲಿ ಆತನ ಕುರ್ಚಿ ಕಾಯಂ. ಹಾಡು ಮುಗಿದು ಹಾರ್ಮೋನಿಯಂ ನಿಲ್ಲುವ ಮೊದಲೇ ಅಲ್ಲಿಂದ 'ಒನ್ಸ್ ಮೋರ್' ಎಂಬ ಕೂಗು ಏಳುತ್ತಿತ್ತು. ಹಿಂದೆ ನೆಲದ ಟಿಕೀಟಿನವರವರೆಗೂ ಅದು ಹಬ್ಬುತ್ತಿತ್ತು.

ಕೂಗಿದ ಮೇಲೆ ನಟ ಹಾಡಲೇಬೇಕು. ಅದು ಆ ಕಾಲದ ಕಟ್ಟು. ಮೈಯಲ್ಲಿ ಜ್ವರವಿರಲಿ, ಮನೆಯಲ್ಲಿ ಸೂತಕವಿರಲಿ, ಕೇಳುವವರಿಲ್ಲ. ರಂಗದ ಮೇಲೆ ಸತ್ತುಬಿದ್ದ ರಾಜನೇ ಆದರೂ ಎದ್ದು ಕಿರೀಟ ಸರಿಮಾಡಿಕೊಂಡು, ಹಾರ್ಮೋನಿಯಂ ಮೇಷ್ಟರ ಕಡೆ ತಲೆಯಾಡಿಸಿ, ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯಬೇಕು. ಒಲ್ಲೆನೆಂದರೆ ಕೂತ ಜನಕ್ಕೆ ಅವಮಾನ. ಹಾಗೆ ಒಲ್ಲೆನೆಂದವನ ಕಂಪನಿ ಮಾರನೆಯ ದಿನ ಖಾಲಿ ಕುರ್ಚಿಗಳಿಗೆ ನಾಟಕವಾಡಬೇಕಾಗುತ್ತಿತ್ತು.

ಮಲ್ಲಿಕಾರ್ಜುನಯ್ಯನವರು ಎಂದೂ ಒಲ್ಲೆನೆಂದವರಲ್ಲ. 'ಧವಳಕೀರ್ತಿ ವನವಾಸ'ದಲ್ಲಿ ಅವರದು ರಾಜನ ಪಾತ್ರ. ರಾಜ್ಯ ಕಳೆದುಕೊಂಡ ಧವಳಕೀರ್ತಿ ಊರ ಬಾಗಿಲಲ್ಲಿ ನಿಂತು 'ಹೋಗಿ ಬರುವೆನೆನಲಾರೆ, ಪುರವೇ' ಎಂದು ಎತ್ತಿದರೆ ಅಕ್ಕಿಪೇಟೆಯ ಹಮಾಲಿಯೂ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಆ ಹಾಡನ್ನು ಒಂದೇ ರಾತ್ರಿ ಐದು ಸಲ ಹಾಡಿಸಿದ ಕಥೆಯನ್ನು ಏಕಾಂತಯ್ಯ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದ. ಮದುವೆ ಮನೆಯಲ್ಲಿ ಹೇಳಿದ್ದ, ಸಾವಿನ ಮನೆಯಲ್ಲೂ ಹೇಳಿದ್ದ. ಹಾಡಿದವರಿಗಿಂತ ಹಾಡಿಸಿದವನಿಗೇ ಜಂಬ ಹೆಚ್ಚು.

ಆಮೇಲೆ ಟಾಕಿ ಬಂತು, ಕಂಪನಿ ಮುಚ್ಚಿತು. ಐವತ್ತೊಂದನೆಯ ಇಸವಿಯಲ್ಲಿ ಮದರಾಸಿನ ಪ್ರೊಡ್ಯೂಸರೊಬ್ಬರು ಅದೇ ನಾಟಕವನ್ನು ಚಿತ್ರ ಮಾಡಿದರು. ರಾಜನ ಪಾತ್ರಕ್ಕೆ ಮಲ್ಲಿಕಾರ್ಜುನಯ್ಯನವರನ್ನೇ ಕರೆಸಿದರು. ಚಿತ್ರ ಬರುವ ಮೊದಲೇ ಅದರ ಹಾಡಿನ ಪ್ಲೇಟು ಬಂತು. ಹೋಟೆಲಿನ ಗ್ರಾಮಫೋನಿನಲ್ಲಿ ಅದನ್ನು ಕೇಳಿದವರೆಲ್ಲ ಅವತ್ತು ಸಂಜೆ ಏಕಾಂತಯ್ಯನ ಮನೆಯ ಜಗಲಿಯ ಮೇಲೆ ಸೇರಿದರು. ಹಾಡಿದವರ ಹೆಸರು ಬೇರೆ, ಕಂಠವೂ ಬೇರೆ.

"ಬಾಯಿ ಅವರದು, ಕಂಠ ಇನ್ಯಾರದೋ," ಎಂದ ಶೀನಣ್ಣ. ಎನ್.ಆರ್. ಕಾಲೋನಿಯ ಈ ಅಯ್ಯಂಗಾರಿ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ನಾಟಕದ ವಿಷಯದಲ್ಲಿ ಅವನ ತೀರ್ಪಿಗೆ ಅಪೀಲಿಲ್ಲ. "ಮನೆಗೆ ಊಟಕ್ಕೆ ಕರೆದು ಎಂಜಲೆಲೆ ಹಾಕಿದ ಹಾಗಾಯ್ತು. ಮೂವತ್ತು ಹಾಡಿತ್ತು, ಒಂಬತ್ತು ಉಳಿಸಿದಾರಂತೆ. ನಾಟಕಾನ ಹಿಡ್ಕೊಂಡು ಹೋಗಿ ಕ್ಷೌರ ಮಾಡಿಸಿ ಕಳಿಸಿದಾರೆ."

"ಆದ್ರೂ ಶೀನಣ್ಣ, ನಿಜವಾದ ಆನೆ ತೋರಿಸ್ತಾರಂತಲ್ಲ," ಎಂದರು ಸ್ಕೂಲು ಮೇಷ್ಟ್ರು ರಾಮಸ್ವಾಮಿ. "ಕಂಪನೀಲಿ ರಟ್ಟಿನ ಆನೆ. ಒಂದ್ಸಲ ಸೊಂಡಿಲು ಕಳಚಿ ತಬಲದವನ ಮೇಲೆ ಬಿದ್ದಿತ್ತು, ಜ್ಞಾಪಕ ಇದೆಯಾ?"

"ಆ ರಟ್ಟಿನ ಆನೆ ಮೇಲೆ ಕೂತು ಹಾಡ್ದೋರು ಮಲ್ಲಿಕಾರ್ಜುನಯ್ಯನೋರು. ನಿಜವಾದ ಆನೆ ಬೇಕಾದ್ರೆ ನಾನು ಮೈಸೂರಿಗೆ ಹೋಗಿ ದಸರಾ ನೋಡ್ತೀನಿ."

"ದೂರ ಕೂತೋರಿಗೂ ಮುಖ ಕಾಣುತ್ತಲ್ಲಪ್ಪಾ. ನೆಲದೋರಿಗೆ ನಾಟಕದಲ್ಲಿ ರಾಜನ ಕಿರೀಟ ಬಿಟ್ರೆ ಏನು ಕಾಣ್ತಿತ್ತು?"

"ಮುಖ ಕಂಡು ಏನ್ಮಾಡ್ತಾರೆ ಮೇಷ್ಟ್ರೇ? ನಾಟಕದಲ್ಲಿ ನಾವು ಕೂಗಿದ್ರೆ ಅವರಿಗೆ ಕೇಳಿಸ್ತಿತ್ತು. ಸಿನಿಮಾದಲ್ಲಿ ಕೂಗಿದ್ರೆ ಯಾರಿಗೆ ಕೇಳಿಸುತ್ತೆ, ಗೋಡೆಗಾ?"

ಈ ಮಾತು ಏಕಾಂತಯ್ಯನಿಗೆ ನೇರ ಎದೆಗೆ ನಾಟಿತು. ತನ್ನ ಕೂಗಿಗೆ ಜಾಗವೇ ಇಲ್ಲದ ಆಟ ಅದೆಂಥ ಆಟ? ಮಲ್ಲಿಕಾರ್ಜುನಯ್ಯನವರಂಥವರನ್ನು ಕರೆಸಿ ಬಾಯಿ ಮಾತ್ರ ಆಡಿಸಿ ಕಳಿಸಿದ ಮದರಾಸಿನವರ ಮೇಲೆ ಎಲ್ಲರಿಗೂ ಮೈಯುರಿಯಿತು. ಮೊದಲನೆಯ ದಿನ ಮ್ಯಾಟಿನಿಗೆ ಹೋಗುವುದು, ಆ ಹಾಡು ಬಂದ ತಕ್ಷಣ ಕೂಗಿ ಗದ್ದಲವೆಬ್ಬಿಸಿ ಎದ್ದು ಹೊರಟುಬಿಡುವುದು ಎಂದು ನಿಶ್ಚಯವಾಯಿತು. ಮೊದಲ ಕೂಗು ಏಕಾಂತಯ್ಯನದು ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಸುದ್ದಿ ಬೀದಿಯಿಂದ ಬೀದಿಗೆ ಹೋಯಿತು. ಚಿತ್ರ ಬಿಡುಗಡೆಯ ಹಿಂದಿನ ದಿನ ಮಧ್ಯಾಹ್ನ ಮಲ್ಲಿಕಾರ್ಜುನಯ್ಯನವರ ಹೆಂಡತಿ ದಾಕ್ಷಾಯಣಮ್ಮ ಏಕಾಂತಯ್ಯನ ಮನೆಗೆ ಬಂದರು. ಎರಡೂ ಮನೆಯವರು ಒಂದೇ ಮಠಕ್ಕೆ ನಡೆದುಕೊಳ್ಳುವವರು. ಕುರ್ಚಿ ಹಾಕಿದರೂ ಕೂರದೆ ಆಕೆ ಚಾಪೆಯ ಮೇಲೆ ಕೂತರು. ಕೊಟ್ಟ ಕಾಫಿ ಮುಟ್ಟಲಿಲ್ಲ.

"ಅಣ್ಣಾ, ನಾಳೆ ನೀವೆಲ್ಲಾ ಸೇರಿ ಗಲಾಟೆ ಮಾಡ್ತೀರಂತೆ."

"ನಿಮ್ಮ ಯಜಮಾನ್ರಿಗೋಸ್ಕರಾನೇ ತಾಯಿ. ಅಂಥಾ ಕಂಠಾನ ಬಿಟ್ಟು ಆ ಮದರಾಸಿನೋರು..."

"ಅವರು ಬಿಡಲಿಲ್ಲ ಅಣ್ಣಾ. ಕಂಠಾನೇ ಇವರನ್ನ ಬಿಟ್ಟುಹೋಯ್ತು."

ಆಕೆ ನೆಲ ನೋಡುತ್ತ ಹೇಳಿದರು. ದೊಡ್ಡಾಸ್ಪತ್ರೆಯಲ್ಲಿ ತೋರಿಸಿದ್ದಾಯಿತು. ಗಂಟಲೊಳಗೆ ಗಂಟು ಕಟ್ಟಿದೆ. ಮಾತು ಹೇಗೋ ನಡೆಯುತ್ತದೆ, ಹಾಡಲು ಹೋದರೆ ಗಾಳಿ ಬಿಟ್ಟು ಬೇರೇನೂ ಬರುವುದಿಲ್ಲ. ಪ್ರೊಡ್ಯೂಸರಿಗೆ ಇದು ಗೊತ್ತು. ಗೊತ್ತಿದ್ದೂ ಬೇರೆಯವರಿಂದ ಹಾಡಿಸಿ ಮಾನ ಕಾಪಾಡಿದ್ದಾರೆ. ಜನ ಇವರನ್ನು ಒಪ್ಪಿಕೊಂಡರೆ ಮುಂದಿನ ಚಿತ್ರದಲ್ಲೂ ಇವರಿಗೇ ಪಾತ್ರ ಎಂದಿದ್ದಾರೆ.

"ನೀವು ಎದ್ದು ಹೋದ್ರೆ ಅದೂ ಹೋಯ್ತು. ಅದು ಹೋದ್ರೆ ಹೋಗ್ಲಿ, ಹೇಗೋ ಗಂಜಿ ಕುಡ್ಕೊಂಡಿರ್ತೀವಿ. ಆದ್ರೆ ಕಂಠ ಹೋಗಿರೋದು ಮಾತ್ರ ಊರಿಗೆ ಗೊತ್ತಾಗಬಾರದು ಅಣ್ಣಾ. ಕೇಳಿದೋರ ಕಿವೀಲಿ ಅದು ಹಾಗೇ ಇದೆ ಅನ್ನೋ ಒಂದು ನಂಬಿಕೆ ಮೇಲೆ ಇವರು ಜೀವ ಹಿಡ್ಕೊಂಡಿದಾರೆ. ಅದೊಂದು ಹೋದ್ರೆ ಇವರು ಉಳಿಯೋ ಪೈಕಿ ಅಲ್ಲ."

"ಹೇಗಾಯ್ತು ತಾಯಿ ಇದು?"

ದಾಕ್ಷಾಯಣಮ್ಮ ಆಗ ತಲೆಯೆತ್ತಿ ಆತನ ಮುಖ ನೋಡಿದರು. "ಹೇಗಾಯ್ತು ಅಂತ ನೀವು ಕೇಳಬಾರದು ಅಣ್ಣಾ. ತುಮಕೂರಿನಿಂದ ಜ್ವರ ಹೊತ್ಕೊಂಡು ಬಂದಿದ್ರು. ಆವತ್ತೇ ನೀವು ಐದು ಸಲ ಹಾಡಿಸಿದ್ರಿ. ಬೆಳಿಗ್ಗೆ ಬಾಯಿ ಮುಕ್ಕಳಿಸಿದ್ರೆ ರಕ್ತ ಬಂತು. ಆವತ್ತು ಒಡೆದ ಗಂಟಲು ಸರಿಹೋಗಲೇ ಇಲ್ಲ. ಆಮೇಲೂ ಹೋದ ಕಡೆಯೆಲ್ಲಾ ಕೂಗೋರು ಇದ್ದೇ ಇದ್ರು."

ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಆ ವಿಷವನ್ನು ಬಟ್ಟಲಿಗೆ ಹಾಕಿದವನು ತಾನು ಎಂದು ತಿಳಿದಾಗ ಗಾದೆ ಯಾವ ಉಪಯೋಗಕ್ಕೂ ಬಾರದು. ಏಕಾಂತಯ್ಯ ಕೊರಳಿನ ಇಷ್ಟಲಿಂಗವನ್ನು ಮುಟ್ಟಿ, ನಾಳೆ ತನ್ನ ಬಾಯಿಂದ ಒಂದು ಶಬ್ದವೂ ಹೊರಡುವುದಿಲ್ಲ, ತನ್ನ ಕಡೆಯವರು ಯಾರೂ ಉಸಿರೆತ್ತುವುದಿಲ್ಲ ಎಂದು ಮಾತು ಕೊಟ್ಟ. ಆಕೆ ಹೋದ ಮೇಲೆ ಅಂಗಡಿಗೂ ಹೋಗದೆ ಗೋಡೆಗೆ ಒರಗಿ ಕೂತುಬಿಟ್ಟ. ಯಾರೂ ಇಲ್ಲದಾಗ ಒಂದು ಸಲ ಅತ್ತ.

ಸಂಜೆ ಶೀನಣ್ಣನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಕಾರಣ ಹೇಳುವ ಹಾಗಿಲ್ಲ.

"ಏನೂ ಕೇಳ್ಬೇಡ ಶೀನಣ್ಣ. ಹಾಡು ಬಂದಾಗ ಎಲ್ರೂ ಸುಮ್ನೆ ಕೂತಿರ್ಬೇಕು, ಅಷ್ಟೇ."

"ಮದರಾಸಿನೋರು ನಿನಗೇನಾದ್ರೂ ಪಾಸು ಕೊಟ್ರೇನಯ್ಯಾ?" ಎಂದ ಶೀನಣ್ಣ. ಗೆಳೆಯನ ಮುಖ ನೋಡಿ ತಣ್ಣಗಾದ. "ಸರಿ, ಕೂಗಲ್ಲ. ಆದ್ರೆ ಕೈ ತಟ್ಟು ಅಂತ ಹೇಳ್ಬೇಡ. ಇನ್ನೊಬ್ಬನ ಕಂಠಕ್ಕೆ ನಾನು ಚಪ್ಪಾಳೆ ಹೊಡೆಯಲ್ಲ."

ಪೇಟೆಯ ಆ ಟಾಕೀಸು ಮೊದಲು ನಾಟಕದ ಥಿಯೇಟರಾಗಿತ್ತು. ಬಿಳಿ ಪರದೆಯ ಮುಂದೆ ಹಳೆಯ ರಂಗದ ಹಲಗೆಗಳು ಇನ್ನೂ ಉಳಿದಿದ್ದವು. ಪಕ್ಕದಲ್ಲಿ ಹತ್ತುವ ಮೆಟ್ಟಿಲೂ ಹಾಗೆಯೇ ಇತ್ತು. ಮಲ್ಲಿಕಾರ್ಜುನಯ್ಯನವರು ಜರಿ ಪೇಟ ಸುತ್ತಿ, ಶಾಲು ಹೊದ್ದು, ಮುಂದಿನ ಸೋಫಾದಲ್ಲಿ ಪ್ರೊಡ್ಯೂಸರ ಪಕ್ಕ ಕೂತಿದ್ದರು. ದಾಕ್ಷಾಯಣಮ್ಮ ಹೆಂಗಸರ ಕಡೆ ಇದ್ದರು. ಏಕಾಂತಯ್ಯ ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡು ಕೂತ. ಬಾಯಿ ತುಂಬಿದ್ದರೆ ಕೂಗು ಬರಲಾರದು ಎಂಬುದು ಆತನ ಲೆಕ್ಕ.

ಚಿತ್ರ ಅಷ್ಟೇನೂ ಕೆಟ್ಟದಾಗಿರಲಿಲ್ಲ. ನಿಜವಾದ ಆನೆ ಬಂದಾಗ ರಾಮಸ್ವಾಮಿ ಮೇಷ್ಟ್ರು ಮಗುವಿನ ಹಾಗೆ ಮುಂದಕ್ಕೆ ಬಾಗಿದರು. ಊರ ಬಾಗಿಲ ದೃಶ್ಯ ಬಂತು. ಮಲ್ಲಿಕಾರ್ಜುನಯ್ಯನವರ ಮುಖ ಪರದೆ ತುಂಬ ನಿಂತಿತು. ಕಣ್ಣಂಚಿನಲ್ಲಿ ಕಟ್ಟಿದ ನೀರು ಕಂಡಿತು. ನಾಟಕದಲ್ಲಿ ಇಷ್ಟು ವರ್ಷ ನೋಡಿದರೂ ಆ ನೀರನ್ನು ಏಕಾಂತಯ್ಯ ಕಂಡಿರಲಿಲ್ಲ. ಅದೇ ಹೊತ್ತಿಗೆ ಆತನಿಗೆ ಕೊರಳೂ ಕಂಡಿತು. ನಾಟಕದಲ್ಲಿ ಮೇಲಿನ ಸ್ವರ ಹಿಡಿದಾಗ ಹಗ್ಗದ ಹಾಗೆ ಉಬ್ಬುತ್ತಿದ್ದ ನರ ಇಲ್ಲಿ ಮಲಗಿಯೇ ಇತ್ತು. ಯಾರದೋ ತುಂಬು ಕಂಠ ಹಾಡಿ ಮುಗಿಸಿತು.

ಟಾಕೀಸಿನಲ್ಲಿ ಸದ್ದಿಲ್ಲ. ಶೀನಣ್ಣ ಕೈಕಟ್ಟಿ ಕೂತಿದ್ದ, ಅವನ ಸಾಲೆಲ್ಲ ಕೈಕಟ್ಟಿತ್ತು. ಮುಂದೆ ಕೂತ ರಸಿಕರೇ ಸುಮ್ಮನಿರುವುದು ಕಂಡು ಹಿಂದಿನವರೂ ಸುಮ್ಮನಾದರು. ಆ ಹಾಡಾದ ಮೇಲೆ ಇಂಥ ಮೌನವನ್ನು ಈ ಕಟ್ಟಡ ಕಂಡಿರಲಿಲ್ಲ. ಪ್ರೊಡ್ಯೂಸರು ತಿರುಗಿ ಜನರನ್ನೊಮ್ಮೆ ನೋಡಿ, ಪಕ್ಕದವರ ಮುಖವನ್ನೊಮ್ಮೆ ನೋಡಿದರು. ಮಲ್ಲಿಕಾರ್ಜುನಯ್ಯನವರು ಶಾಲು ಎಳೆದುಕೊಂಡು ಹಿಂದಕ್ಕೆ ತಿರುಗಿದರು. ಅವರ ಕಣ್ಣು ನೇರವಾಗಿ ಎರಡನೆಯ ಸಾಲಿಗೆ ಬಂತು.

ಈ ಮೌನ ತಾನು ತಂದದ್ದು, ಇದೇ ಅವರ ಅನ್ನಕ್ಕೆ ಕಲ್ಲು ಹಾಕುತ್ತಿದೆ ಎಂದು ಏಕಾಂತಯ್ಯನಿಗೆ ಹೊಳೆಯಿತು. ಗದ್ದಲ ಮಾಡುವುದಿಲ್ಲವೆಂದು ತಾನೇ ಮಾತು ಕೊಟ್ಟದ್ದು? ಇದು ಗದ್ದಲವಲ್ಲ, ಮರ್ಯಾದೆ. ಜನ ಒಪ್ಪಿದರೆಂದು ಪ್ರೊಡ್ಯೂಸರಿಗೆ ತಿಳಿಯಲಿ. ಆತ ಎಲೆಯಡಿಕೆಯನ್ನು ಟವೆಲಿಗೆ ಉಗಿದು ಎದ್ದುನಿಂತ.

"ಒನ್ಸ್ ಮೋರ್."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಟ್ಟಿಹಾಕಿದ್ದ ಜನ ಒಮ್ಮೆಲೇ ಬಿಚ್ಚಿಕೊಂಡರು. ನೆಲದವರು, ಬೆಂಚಿನವರು, ಹೆಂಗಸರ ಕಡೆಯ ಮುದುಕಿಯರು ಕೂಡ ಕೂಗಿದರು. ಪ್ರೊಡ್ಯೂಸರ ಮುಖ ಅರಳಿತು. ಆದರೆ ಪರದೆಯ ಮೇಲೆ ರಾಜ ಊರು ಬಿಟ್ಟು ಕಾಡು ಸೇರಿಯಾಗಿತ್ತು. ಜನ ಕಾಲಿನಿಂದ ನೆಲ ಕುಟ್ಟಿದರು, ಕುರ್ಚಿ ಬಡಿದರು. ಕೊನೆಗೆ ಚಿತ್ರ ನಿಂತು ದೀಪ ಹತ್ತಿತು. ಮ್ಯಾನೇಜರು ಓಡಿ ಬಂದು, ರೀಲು ಹಿಂದಕ್ಕೆ ಹೋಗುವುದಿಲ್ಲ ಸ್ವಾಮಿ, ದಯವಿಟ್ಟು ಕೂತ್ಕೊಳ್ಳಿ ಎಂದು ಕೈಮುಗಿದರು.

"ರೀಲು ಯಾಕೆ ಬೇಕು?" ಎಂದು ಶೀನಣ್ಣ ಎದ್ದ. ಅವನ ಕಣ್ಣು ಒದ್ದೆಯಾಗಿತ್ತು. ಅವನಲ್ಲಿ ಎಳ್ಳಷ್ಟೂ ಕುಹಕವಿರಲಿಲ್ಲ. "ಮಲ್ಲಿಕಾರ್ಜುನಯ್ಯನೋರೇ ಇಲ್ಲಿ ಕೂತಿದಾರಲ್ಲಯ್ಯಾ. ಆ ಪ್ಲೇಟಿನ ಕಂಠ ಸಾಕು. ಸ್ವಾಮಿ, ಮೇಲೆ ಬನ್ನಿ. ನಿಮ್ಮ ಕಂಠದಲ್ಲೇ ಒಂದ್ಸಲ ಕೇಳಿಸಿ."

ಜನಕ್ಕೆ ಅಷ್ಟೇ ಬೇಕಾಗಿತ್ತು. 'ಬೇಡ, ಬೇಡ' ಎಂದು ಏಕಾಂತಯ್ಯ ಎರಡೂ ಕೈಯೆತ್ತಿ ಕೂಗಿದ. ಊರಿಗೆಲ್ಲ ಕೇಳುವ ಆ ಗಂಟಲಿನಿಂದ ಒಂದೇ ಮಾತನ್ನು ಇಷ್ಟು ವರ್ಷ ಕೇಳಿದವರಿಗೆ ಬೇರೆ ಮಾತು ಕೇಳಿಸಲಿಲ್ಲ. ಆತ ಕೈಯೆತ್ತಿದ್ದು ಕಂಡು ಅವರು ಇನ್ನೂ ಜೋರಾಗಿ ಕೂಗಿದರು. ಹೆಂಗಸರ ಕಡೆಯಿಂದ ದಾಕ್ಷಾಯಣಮ್ಮ ಆತನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟು ಕೂಡ ಇರಲಿಲ್ಲ.

ಮಲ್ಲಿಕಾರ್ಜುನಯ್ಯನವರು ಎದ್ದರು. ಒಲ್ಲೆನೆನ್ನಬಹುದಿತ್ತು. ಮೈ ಸರಿಯಿಲ್ಲ ಎನ್ನಬಹುದಿತ್ತು, ಕೈಮುಗಿದು ಹೊರಗೆ ನಡೆಯಬಹುದಿತ್ತು. ಬೇರೆ ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಆದರೆ ಕರೆದ ಜನಕ್ಕೆ ಬೆನ್ನು ತೋರಿಸುವುದನ್ನು ಕಂಪನಿ ಅವರಿಗೆ ಕಲಿಸಿರಲಿಲ್ಲ. ಅದೇ ಹಳೆಯ ಮೆಟ್ಟಿಲು ಹತ್ತಿ ಪರದೆಯ ಮುಂದೆ ನಿಂತರು. ನೆಲದವರು ಬೀಡಿ ಆರಿಸಿದರು. ಹಾರ್ಮೋನಿಯಂ ಇರುತ್ತಿದ್ದ ಮೂಲೆಯಲ್ಲಿ ಏನೂ ಇರಲಿಲ್ಲ. ಅವರು ಆ ಕಡೆ ತಲೆಯಾಡಿಸಿ, ಕೈ ಚಾಚಿ, ಬಾಯಿ ತೆರೆದರು.

ನೀರಿಲ್ಲದ ನಲ್ಲಿ ತಿರುಗಿಸಿದರೆ ಬರುವಂಥ ಸದ್ದು ಬಂತು. ಆಮೇಲೆ ಅದೂ ನಿಂತು ಬರೀ ತುಟಿ ಆಡಿತು. ಕೊರಳಿನ ನರ ಹಗ್ಗದ ಹಾಗೆ ಉಬ್ಬಿತು. ನಡುವೆ ನಿಲ್ಲಿಸಲಿಲ್ಲ, 'ಹೋಗಿ ಬರುವೆನೆನಲಾರೆ, ಪುರವೇ' ಎಂಬ ಸಾಲನ್ನು ಅಷ್ಟುದ್ದಕ್ಕೂ ಹಾಡಿದರು. ಮುಂದೆ ಕೂತವರಿಗೆ ಎಲ್ಲವೂ ತಿಳಿಯಿತು. ಶೀನಣ್ಣ ಕುಸಿದು ಕೂತು ಉತ್ತರೀಯವನ್ನು ಮುಖಕ್ಕೆಳೆದುಕೊಂಡ. ಪ್ರೊಡ್ಯೂಸರು ತಮ್ಮ ಬೂಟುಗಳನ್ನು ನೋಡುತ್ತಿದ್ದರು. ದಾಕ್ಷಾಯಣಮ್ಮ ಜನರನ್ನು ಸರಿಸಿಕೊಂಡು ರಂಗದ ಕಡೆ ಬರುತ್ತಿದ್ದರು. ಏಕಾಂತಯ್ಯ ಎದ್ದುನಿಂತಲ್ಲೇ ನಿಂತಿದ್ದ. ಬಾಯಿ ತೆರೆದೇ ಇತ್ತು, ಸ್ವರ ಹೊರಡಲಿಲ್ಲ.

ಹಿಂದೆ ದೂರದಲ್ಲಿ ಕೂತವರಿಗೆ ಏನೂ ಕೇಳಿಸಿರಲಿಲ್ಲ. ಪ್ಲೇಟಿನ ಹಾಡಿಗೆ ಬಾಯಿ ಆಡಿಸಿದ್ದನ್ನು ಮಲ್ಲಿಕಾರ್ಜುನಯ್ಯನವರೇ ಅಣಕ ಮಾಡಿ ತೋರಿಸುತ್ತಿದ್ದಾರೆ ಎಂದುಕೊಂಡರು. ಅವರಿಗೆ ಅದು ಬಹಳ ಹಿಡಿಸಿತು. ನಕ್ಕರು, ಸಿಳ್ಳೆ ಹಾಕಿದರು, ಚಪ್ಪಾಳೆ ಹೊಡೆದರು. ಮಲ್ಲಿಕಾರ್ಜುನಯ್ಯನವರು ಕೈಮುಗಿದು ಮೆಟ್ಟಿಲ ಕಡೆ ಒಂದು ಹೆಜ್ಜೆ ಇಟ್ಟಿದ್ದರು. ಅಷ್ಟರಲ್ಲಿ ಕೊನೆಯ ಸಾಲಿನಿಂದ ಯಾರೋ ಎದ್ದು, ಏಕಾಂತಯ್ಯನ ಧಾಟಿಯಲ್ಲೇ ಎಳೆದು, 'ಒನ್ಸ್ ಮೋರ್' ಎಂದರು.

ಅವರು ನಿಂತರು. ಹಿಂದಕ್ಕೆ ಬಂದು, ಪೇಟ ಸರಿಮಾಡಿಕೊಂಡು, ಖಾಲಿ ಮೂಲೆಯ ಕಡೆ ತಲೆಯಾಡಿಸಿ, ಮತ್ತೆ ಬಾಯಿ ತೆರೆದರು.