ನೀರಿನಲ್ಲಿ ಮಾವನ ಕಾಲು

ಮತ್ತೆ ಎಣಿಸುತ್ತಿದ್ದಾರೆ, ತುಟಿ ಅಲ್ಲಾಡುವುದು ಇಲ್ಲಿಗೇ ಕಾಣುತ್ತಿದೆ, ಮೂವತ್ತೊಂದೋ ಮೂವತ್ತೆರಡೋ ಆಗಿರಬೇಕು, ನೂರು ಮುಗಿಯುವ ತನಕ ಮಾವ ನೀರಿನಿಂದ ಕಾಲು ತೆಗೆಯುವವರಲ್ಲ, ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಜೆಟ್ಟಿಯ ಕೊನೆಯ ಮೆಟ್ಟಿಲಲ್ಲಿ, ಸಮುದ್ರದ ನಾಡಿ ಹಿಡಿದ ವೈದ್ಯರ ಗತ್ತಿನಲ್ಲಿ — ಅಯ್ಯೋ ಕರ್ಮವೇ, ನಾನಿಲ್ಲಿ ಶೆಡ್ಡಿನಲ್ಲಿ ಕೂತು ಮೀನು ಆರಿಸಬೇಕು, ಆರಿಸುವುದೇನು ಮಣ್ಣು, ತಮ್ಮ ತಂದಿರುವುದೇ ಮೂರು ಬುಟ್ಟಿ, ಎರಡರಲ್ಲಿ ಬರೀ ಲೋಳೆಮೀನು, ಕಣ್ಣಿಲ್ಲ, ಮೂಳೆಯಿಲ್ಲ, ಕೊಂಡುಕೊಳ್ಳುವವರೂ ಇಲ್ಲ, ಮೂರನೆಯದರ ತಳದಲ್ಲಿ ನಾಲ್ಕು ಬಡಕಲು ಬಂಗಡೆ. ಬಲೆ ಎಳೆಯಲಾರದಷ್ಟು ಭಾರವಾಗಿತ್ತಂತೆ, ಪೆದ್ದ, ಹಿಗ್ಗಿಬಿಟ್ಟನಂತೆ, ಅಕ್ಕಾ ಇವತ್ತು ದೋಣಿ ತುಂಬ್ತು ಅಂತ ಫೋನ್ ಮಾಡೋಣ ಅಂದ್ಕೊಂಡೆ ಕಣೇ ಅಂದ, ಎಳೆದು ನೋಡಿದರೆ ಲೋಳೆ, ಬಲೆ ನಟ್ಟನಡುವೆ ಸೀಳಿಹೋಗಿದೆ, ಉಳಿದಿರುವುದು ಇನ್ನೊಂದೇ ಬಲೆ, ಅದೂ ಹರಿದರೆ ಅವನ ದೋಣಿ ದಡದಲ್ಲೇ ಬಿದ್ದಿರಬೇಕು. ಆ ಒಂದು ಬಲೆಯನ್ನೂ ದೋಣಿಗೆ ಏರಿಸಿಕೊಂಡು ಈಗ ಮಾವನ ಮಾತಿಗೆ ಕಾಯುತ್ತಾ ಕೂತಿದ್ದಾನೆ, ಮತ್ತೆ ಅದೇ ಜಾಗಕ್ಕೆ ಹೋಗಲು. ಬೆಳಿಗ್ಗೆ ಮಾವ ನನಗೇ ಹೇಳುತ್ತಾರೆ, ಜಾಗ ಸರಿಯಾಗೇ ಇದೆ ಕಣಮ್ಮ, ನಿನ್ನ ತಮ್ಮನಿಗೆ ಬಲೆ ಬಿಡೋಕೆ ಬರಲ್ಲ ಅಷ್ಟೇ, ನಾನು ಹೇಳಿದ ಕಡೆ ನನ್ನ ಮಗನಿಗೆ ಸಿಗಲ್ವಾ? ಸಿಗುತ್ತದೆ ಮಾವ, ಭೇಷಾಗಿ ಸಿಗುತ್ತದೆ, ನಾಲಿಗೆ ತುದಿಗೆ ಬಂದದ್ದನ್ನು ಕಾಫಿಯ ಜೊತೆ ನುಂಗಿಕೊಂಡೆ.

ಎಲ್ಲ ಇವರದೇ ಕೆಲಸ, ನನ್ನ ಗಂಡನದು, ಮಾಡಿಟ್ಟು ದೊಡ್ಡ ದೋಣಿ ಹತ್ತಿ ಹೋದರು, ಸಂಭಾಳಿಸುವುದಕ್ಕೆ ನಾನೊಬ್ಬಳಿದ್ದೇನಲ್ಲ. ನಾನು ಮದುವೆಯಾಗಿ ಬಂದಾಗ ಮಾವನ ಕಾಲೆಂದರೆ ಕಾಲು, ಇಡೀ ಜೆಟ್ಟಿ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿತ್ತು, ಗಾಳಿ ತಿರುಗಿದ ಮೇಲೆ ತಳದ ತಣ್ಣೀರು ಮೇಲಕ್ಕೆ ಬರುತ್ತದೆ, ಅದರ ಬೆನ್ನಿಗೇ ಬಂಗಡೆ, ಆ ತಂಪು ಬೇರೆಯವರಿಗಿಂತ ಒಂದು ದಿನ ಮೊದಲೇ ಮಾವನ ಕಾಲಿಗೆ ಗೊತ್ತಾಗುತ್ತಿತ್ತು, ನೂರು ಎಣಿಸಿ ತಿರುಗಿ, ಬಂಡೆಯ ಆಚೆ ಬಿಡ್ರಪ್ಪ, ಎಂದರೆ ಮುಗಿಯಿತು, ಬುಟ್ಟಿ ಸಾಲುತ್ತಿರಲಿಲ್ಲ. ಆಮೇಲೆ ಒಂದು ವರ್ಷ ತಂಪು ತಡವಾಗಿ ಬಂತು, ಮರುವರ್ಷ ಬರಲೇ ಇಲ್ಲ, ನೀರು ಬೆಚ್ಚಗೆ ಕೂತುಬಿಟ್ಟಿತು, ಬಂಗಡೆ ತಂಪು ಹುಡುಕಿಕೊಂಡು ಆಳಕ್ಕೆ, ಉತ್ತರಕ್ಕೆ, ಈಗ ಇವರು ಎರಡು ದಿನದ ದಾರಿ ಹೋಗಿ ಹಿಡಿಯಬೇಕು. ಮೊದಲ ಸಲ ಮಾವನ ಮಾತು ತಪ್ಪಿದಾಗ ಎರಡು ದಿನ ಊಟ ಮುಟ್ಟಲಿಲ್ಲ, ಕಾಲು ಚಾಚಿಕೊಂಡು ಅದನ್ನೇ ನೋಡುತ್ತಾ ಕೂತಿದ್ದರು. ಮುಂದಿನ ಸಲ ಇವರು ಎಲ್ಲಿಂದಲೋ ದೋಣಿ ತುಂಬಿಸಿಕೊಂಡು ಬಂದು, ನೀವು ಹೇಳಿದ ಕಡೆಯೇ ಸಿಕ್ತಪ್ಪ, ಎಂದುಬಿಟ್ಟರು. ಮಾವ ಇನ್ನೊಂದು ಸಲ ಅನ್ನ ಹಾಕಿಸಿಕೊಂಡರು. ಏನಾಗುತ್ತೆ ಬಿಡೇ, ಮುದುಕರು ಖುಷಿಯಾಗಿರಲಿ, ಎಂದರು ಇವರು ನನಗೆ, ನಾನೂ ತಲೆಯಾಡಿಸಿದೆ, ತಮ್ಮನ ಬಾಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲವೆಂದು ಅವನಿಗೂ ಹೇಳಲಿಲ್ಲ, ಬುದ್ಧಿವಂತರು ನಾವು. ಈಗ ನೋಡು. ಭಾವನಿಗೆ ಸಿಗುತ್ತೆ ಅಂದ್ರೆ ನನಗೂ ಸಿಗಲೇಬೇಕಲ್ವೇನೇ, ಎಂದು ಅವನು ಕೇಳಿದರೆ ಏನೆನ್ನಲಿ, ಹಾಳಾದ ಸುಳ್ಳು, ಹಾಳಾದ ಬಿಸಿನೀರು, ನನ್ನ ತಲೆ.

ಸಾಕು, ಹೇಳಿಯೇಬಿಡುತ್ತೇನೆ, ಊಟ ಬಿಟ್ಟರೆ ಬಿಡಲಿ, ಕೈಗವಸು ಕಿತ್ತೆಸೆದು ಎದ್ದೆ, ಮೆಟ್ಟಿಲಿಳಿಯುತ್ತಾ ಮಾತು ಜೋಡಿಸಿಕೊಳ್ಳುತ್ತೇನೆ, ಮಾವ ಬೇಜಾರು ಮಾಡ್ಕೋಬೇಡಿ, ಮಾವ ನಾವು ನಿಮಗೆ — ಪಕ್ಕದಲ್ಲಿ ತಮ್ಮ ಆಗಲೇ ಎಂಜಿನ್ ಶುರು ಮಾಡಿದ್ದಾನೆ, ಅಕ್ಕಾ, ಮಾವ ಏನಂತಾರೆ ಕೇಳೇ, ಹೊತ್ತಾಯ್ತು! ಇರೋ ಮಾರಾಯ, ಎಂದೆ. ಮಾವ ತಿರುಗಿದರು, ಮುಖವೆಲ್ಲ ನಗು, ತಂಪು ಬಂತು ಕಣಮ್ಮ, ಮೂಳೆಗೇ ಇಳೀತಿದೆ, ಬಂಡೆ ಆಚೆ ಬಿಡೋಕೆ ಹೇಳು. ತಂಪೇ? ಬಗ್ಗಿ ಕೈ ಅದ್ದಿದೆ, ಕೂಸಿಗೆ ಸ್ನಾನ ಮಾಡಿಸುವ ನೀರಿನಷ್ಟು ಬೆಚ್ಚಗಿದೆ, ತಂಪೆಲ್ಲಿ ಬಂತು ಮಾವ, ಎಂದು ರೇಗಲು ಬಾಯಿ ತೆರೆದವಳು ಹಾಗೇ ನಿಂತೆ, ನೀರಿನಲ್ಲಿ ಲೋಳೆಮೀನು, ಮೆಟ್ಟಿಲಿಗೆ ಒತ್ತಿಕೊಂಡು ಹತ್ತೋ ಹನ್ನೆರಡೋ, ಅವುಗಳ ನಡುವೆ ಮಾವನ ಕಾಲು, ಒಂದರ ಎಳೆಗಳು ಕಣಕಾಲನ್ನು ಸುತ್ತಿವೆ, ಸುತ್ತಿದಲ್ಲೆಲ್ಲ ಬಾಸುಂಡೆ, ಕೆಂಪಗೆ. ಗವಸಿನ ತೂತಿನಲ್ಲಿ ಬೆರಳಿಗೆ ಒಂದು ಎಳೆ ತಗಲಿದ್ದಕ್ಕೇ ನಾನು ಮೊನ್ನೆ ಉರಿ ತಾಳಲಾರದೆ ಕುಣಿದಾಡಿದ್ದೆ. ಮಾವ, ಉರಿಯಲ್ವಾ? ಏನು ಉರಿ, ಎಂದರು, ನನ್ನ ಕಣ್ಣು ಹೋದ ಕಡೆ ನೋಡಿದರು, ನಗು ಇಳಿಯಿತು. ಸಕ್ಕರೆ ಕಾಯಿಲೆ, ಪಾದ ಜೋಮು ಹಿಡಿಯಬಹುದು, ದಿನಾ ನೋಡ್ತಾ ಇರಿ, ಡಾಕ್ಟರು ನನಗೇ ಹೇಳಿದ್ದರು, ಯಾವ ಕಾಲದ ಮಾತು ಅದು, ನಾನು ಒಂದು ದಿನವಾದರೂ ನೋಡಿದೆನೇ. ಎಷ್ಟು ದಿನದಿಂದ ಮಾವ? ಎರಡು ವರ್ಷ ಆಯ್ತೇನೋ, ಎಂದರು, ದನಿಯೇ ಇಲ್ಲ, ಯಾರಿಗೂ ಹೇಳಬೇಡಮ್ಮ, ಕಾಲಿಗೆ ಗೊತ್ತಾಗದೇ ಇದ್ರೂ ಮೀನು ಸಿಗ್ತಾನೇ ಇತ್ತಲ್ಲ, ಮಗ ಹೇಳ್ತಾನೇ ಇದ್ದ, ನನಗಿನ್ನೂ ಸಮುದ್ರ ಗೊತ್ತಿದೆ ಅಂದ್ಕೊಂಡೆ. ಅಕ್ಕಾ, ಹೊರಡ್ಲಾ? ಬೇಡ, ಆರಿಸು ಎಂಜಿನ್ನು, ಆರಿಸು ಅಂದೆನಲ್ಲ! ಕೂಗಿದ್ದು ನಾನೇ, ಕಣ್ಣು ಮಾತ್ರ ಮೇಲೇಳುತ್ತಿಲ್ಲ, ಕೆಂಪು ಬಾಸುಂಡೆ, ಮಂಡಿಯ ಕೆಳಗಿನಿಂದ ಹಿಮ್ಮಡಿಯ ತನಕ, ನೋಡುತ್ತಿದ್ದ ಹಾಗೆ ಉಬ್ಬುತ್ತಿದೆ, ಮಾವ ಕಾಲು ತೆಗೀರಿ, ತೆಗೀರಿ ಮಾವ, ಕೆಂಪು ಬಾಸುಂಡೆ, ಅವರಿನ್ನೂ ಕಾಲು ತೆಗೆದಿಲ್ಲ.