ತಂಗಿಯ ಕಾರ್ಡಿನಲ್ಲಿ ಅಕ್ಕನ ಹಲ್ಲು

"ಇವರು ನಿಮ್ಮ ಮಗಳಲ್ಲ," ಅಂದರು ಹಲ್ಲಿನ ಡಾಕ್ಟರು, ಎರಡು ಎಕ್ಸ್‌ರೇಗಳನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ.

ಸುಟ್ಟುಹೋದ ಬಸ್ಸಿನಿಂದ ಶವಾಗಾರಕ್ಕೆ ತಂದ ಹದಿನಾಲ್ಕು ದೇಹಗಳಲ್ಲಿ ಹದಿಮೂರಕ್ಕೆ ವಾರಸುದಾರರು ಸಿಕ್ಕಿದ್ದರು. ಉಳಿದದ್ದು ಒಂಬತ್ತನೇ ನಂಬರಿನ ಹೆಂಗಸು. ಮುಖ ನೋಡಿ ಹೇಳುವಂತಿರಲಿಲ್ಲ. ಐದು ದಿನದಿಂದ ಮನೆಗೆ ಬಾರದ ಮಗಳನ್ನು ಹುಡುಕಿಕೊಂಡು ಬಂದಿದ್ದವರು ಈ ತಾಯಿ ಮತ್ತು ಅವರ ಹಿರಿಮಗಳು.

"ನಿಮ್ಮ ಮಗಳು ಕೆಲಸ ಮಾಡೋ ಕಾರ್ಖಾನೆಯ ಆಸ್ಪತ್ರೆಯಿಂದ ಅವರ ಹಲ್ಲಿನ ಫಿಲ್ಮ್ ತರಿಸಿದ್ವಿ. ದವಡೆ ಹಲ್ಲಿಗೆ ಬೆಳ್ಳಿ ತುಂಬಿಸಿದ್ದಾರೆ. ಇವರದ್ದು ನೋಡಿ, ಅದೇ ಹಲ್ಲು, ಹುಳುಕೇ ಇಲ್ಲ. ಒಮ್ಮೆ ಕೊರೆದ ಹಲ್ಲು ಮತ್ತೆ ಮೊದಲಿನ ಹಾಗೆ ಆಗಲ್ಲಮ್ಮಾ." ಡಾಕ್ಟರು ಡಿಎನ್ಎ ಪರೀಕ್ಷೆಗೆ ತಾಯಿಯ ಕೆನ್ನೆಯೊಳಗಿನ ಮಾದರಿಗೆಂದು ತೆಗೆದಿಟ್ಟಿದ್ದ ಹತ್ತಿಕಡ್ಡಿಯ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದರು.

ಅಮ್ಮನಿಗೆ ಹೋದ ಜೀವ ಬಂದಂತಾಯಿತು. "ನಾನು ಹೇಳಲಿಲ್ವೇನೆ? ಯಾವಳೋ ಗೆಳತಿ ಮನೇಲಿ ಬಿದ್ಕೊಂಡಿರ್ತಾಳೆ. ಬರಲಿ, ಕಿವಿ ಹಿಂಡ್ತೀನಿ." ಐದು ದಿನದಲ್ಲಿ ಮೊದಲ ಸಲ ನೀರು ಕೇಳಿ ಕುಡಿದರು.

ಹಿರಿಮಗಳು ಹಲಗೆಯ ಹತ್ತಿರ ಹೋಗಿ ಕಾರ್ಖಾನೆಯ ಫಿಲ್ಮನ್ನು ದಿಟ್ಟಿಸಿದಳು. ಆ ಬೆಳ್ಳಿ ಅವಳದು. ಎರಡು ವರ್ಷದ ಹಿಂದೆ ಹಲ್ಲುನೋವಿನಿಂದ ಒದ್ದಾಡುತ್ತಿದ್ದಾಗ ತಂಗಿಯೇ ಕಾರ್ಖಾನೆಯ ಆಸ್ಪತ್ರೆಯಲ್ಲಿ ಬಿಟ್ಟಿ ಚಿಕಿತ್ಸೆ ಸಿಗುವ ತನ್ನ ನೌಕರರ ಕಾರ್ಡನ್ನು ಕೈಗೆ ತುರುಕಿದ್ದಳು. "ನನ್ನ ಹೆಸರು ಹೇಳು ಸಾಕು ಕಣೇ ಅಕ್ಕ. ವಯಸ್ಸು ಮಾತ್ರ ಹೇಳ್ಬೇಡ, ನಿನ್ನ ಮುಖ ನೋಡಿ ಯಾರೂ ನಂಬಲ್ಲ." ಅಮ್ಮನಿಗೆ ಗೊತ್ತಾದರೆ ಇಬ್ಬರಿಗೂ ಬೈಗುಳ ಎಂದು ಮುಚ್ಚಿಟ್ಟಿದ್ದರು. ತಂಗಿಯಾದರೋ ಹಲ್ಲಿನ ಡಾಕ್ಟರ ಬಾಗಿಲು ತುಳಿದವಳೇ ಅಲ್ಲ.

"ಇವರನ್ನೇನು ಮಾಡ್ತೀರಿ?" ಹಿರಿಮಗಳು ಕೇಳಿದಳು.

"ಸೋಮವಾರದವರೆಗೆ ನೋಡ್ತೀವಿ. ಆಮೇಲೆ ಅನಾಥ ಶವ ಅಂತ ಮಣ್ಣು ಮಾಡ್ತಾರೆ."

ಅಮ್ಮ ಚೀಲ ಹೆಗಲಿಗೇರಿಸಿ ಬಾಗಿಲ ತನಕ ಹೋಗಿಬಿಟ್ಟಿದ್ದರು. ಒಂದು ಮಾತೂ ಆಡದಿದ್ದರೆ ಅಮ್ಮ ಇವತ್ತು ಊಟ ಮಾಡುತ್ತಾರೆ, ಮಲಗುತ್ತಾರೆ. ನಾಳೆ, ನಾಡಿದ್ದು, ಹತ್ತು ವರ್ಷದ ನಂತರವೂ ಬಾಗಿಲು ಸದ್ದಾದಾಗಲೆಲ್ಲ ಎದ್ದು ಹೋಗುತ್ತಾರೆ.

"ಡಾಕ್ಟ್ರೇ," ಅಂದಳು. "ಕಾರ್ಡು ಅವಳದು. ಹಲ್ಲು ನನ್ನದು."

ಡಾಕ್ಟರು ಬೈಯಲಿಲ್ಲ. ಪಕ್ಕದ ಕೋಣೆಯಲ್ಲಿ ಅವಳ ಬಾಯಿಯ ಫಿಲ್ಮ್ ತೆಗೆಸಿ ಹಲಗೆಗೆ ಸಿಕ್ಕಿಸಿದರು. ಬೆಳ್ಳಿಯ ಅಂಚು, ಬೇರಿನ ಡೊಂಕು, ಎಲ್ಲ ಹಳೆಯ ಫಿಲ್ಮಿನಲ್ಲಿ ಇದ್ದ ಹಾಗೇ ಇದ್ದವು.

"ಹಾಗಾದ್ರೆ ನಾನು ಅಲ್ಲ ಅಂದದ್ದು ತಪ್ಪು," ಎಂದರು ಮೆಲ್ಲಗೆ. "ಹೌದು ಅಂತಲೂ ಈಗಲೇ ಹೇಳಲ್ಲ. ತಾಯಿಯ ಮಾದರಿ ಬೇಕು."

ಅಮ್ಮ ಬಾಗಿಲಿನಿಂದ ಹಿಂತಿರುಗಿ ಕುರ್ಚಿಯಲ್ಲಿ ಕುಳಿತಿದ್ದರು.

"ನಿನ್ನ ಹಲ್ಲುನೋವಿಗೆ ಅವಳ ಹೆಸರೇ ಬೇಕಾಗಿತ್ತೇನೆ?"

ಡಾಕ್ಟರು ಪೊಟ್ಟಣ ಹರಿದು ಹತ್ತಿಕಡ್ಡಿ ಹಿಡಿದು ನಿಂತರು. ಅಮ್ಮ ತುಟಿ ಬಿಗಿದುಕೊಂಡೇ ಇದ್ದರು.

"ಅಮ್ಮಾ, ಅವಳೇ ಆಗಿದ್ರೆ? ಹೆಸರಿಲ್ಲದೆ ಮಣ್ಣಿಗೆ ಹಾಕ್ತಾರಮ್ಮಾ."

ಅಮ್ಮ ಕೈ ಚಾಚಿ ಹಿರಿಮಗಳ ಮಣಿಕಟ್ಟು ಹಿಡಿದರು, ಬಳೆ ಒತ್ತಿ ನೋಯುವಷ್ಟು ಬಿಗಿಯಾಗಿ. ಅದು ಕ್ಷಮಿಸಿದವರ ಹಿಡಿತವೇನೂ ಆಗಿರಲಿಲ್ಲ. ಆಮೇಲೆ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದರು.