ನಾಲ್ಕನೇ ಪುಟದಲ್ಲಿ ಸತ್ತವರು

ಅರಕಲಗೂಡಿನಲ್ಲಿ ಅನ್ಯಗ್ರಹದವರು ಇಳಿಯುವ ನನ್ನ ಕಾದಂಬರಿಗೆಂದು ಅಲ್ಲಿನ ರೈತ ಚೆನ್ನಯ್ಯ ಮೂರು ದಿನ ನನ್ನನ್ನು ಕೂರಿಸಿಕೊಂಡು, ಎಲೆ ಒಣಗಿಸುವ ತಮ್ಮ ಬ್ಯಾರನ್ ಮನೆಯಲ್ಲಿ ಹೊಗೆಸೊಪ್ಪು ಬೇಯಿಸುವಾಗ ಬೆಂಕಿ ಹೇಗೆ ಕಾಯಬೇಕೆಂದು ಹೇಳಿಕೊಟ್ಟಿದ್ದರು; ಒಂದು ಗಳಿಗೆ ಕಣ್ಣು ತಪ್ಪಿದರೂ ಸೊಪ್ಪು, ಬ್ಯಾರನ್ ಎರಡೂ ಸುಟ್ಟುಹೋಗುತ್ತವೆ ಎಂದಿದ್ದರು. ನಾನು ಮಾಡಿದ್ದೇನು? ಇಂಥ ಕತೆಗಳಲ್ಲಿ ಮೊದಲು ಯಾರಾದರೂ ಸಾಯಲೇಬೇಕಲ್ಲ. ನಾಲ್ಕನೇ ಪುಟದಲ್ಲಿ ಅವರನ್ನು ‘ಒಬ್ಬ ಕೂಲಿ ಮುದುಕ’ ಎಂದು ಬರೆದು, ಆ ಬೆಂಕಿಯ ಮುಂದೆಯೇ ಸಾಯಿಸಿದೆ. ಆಮೇಲೆ ಮಾಮೂಲಿ ವಿಜ್ಞಾನಿ, ಮಾಮೂಲಿ ಬಾಂಬು, ಕೊನೇ ಸೆಕೆಂಡಿನಲ್ಲಿ ಉಳಿಯುವ ಮಾಮೂಲಿ ಭೂಮಿ.

ಚೆನ್ನಯ್ಯನವರ ಮಗಳು ಕವನಾ ಪುಸ್ತಕವನ್ನು ಪೂರ್ತಿ ಅಪ್ಪನಿಗೆ ಓದಿ ಹೇಳಿದ್ದಳು. ಅವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ನನಗೆ ಮುಖ ಎತ್ತಲಾಗಲಿಲ್ಲ.

“ನನ್ನ ಸಾಯ್ಸಿದ್ದು ಓಗ್ಲಿ ಬುಡಿ ಸಾ,” ಎಂದರು ಚೆನ್ನಯ್ಯ. “ಆಮ್ಯಾಕೆ ಬೆಂಕಿ ಯಾರು ನೋಡ್ಕಂಡ್ರು? ಕೊನೇ ಪುಟದ ಗಂಟ ಕಾದೆ. ಒಬ್ರೂ ಬ್ಯಾರನ್ ಕಡೆ ತಿರುಗಿ ನೋಡ್ನಿಲ್ವಲ್ಲ!”